ಸವಾರರಿಗೆ ಬಿಡುವು, ಬೆಟ್ಟಕ್ಕೆ?

2025ರ ಜುಲೈ 21, ಸೋಮವಾರ. ಹದಿನೈದು ಹಂತಗಳನ್ನು ಮುಗಿಸಿ ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ನಗರ ತಲುಪಿದ್ದ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಗೆ ಅಂದು ಬಿಡುವು. 23 ದಿನಗಳ ಅವಧಿಯಲ್ಲಿ 21 ಹಂತಗಳು, ಸುಮಾರು 3,300 ಕಿಲೋಮೀಟರ್ ದಾರಿ. ಅದರ ನಡುವೆ ಎರಡೇ ಎರಡು ವಿಶ್ರಾಂತಿ ದಿನಗಳು. ಮೊದಲನೆಯದು ತೂಲೂಸ್ ನಗರದಲ್ಲಿ ಕಳೆದಿತ್ತು, ಇದು ಎರಡನೆಯದು.

ಈ ವಿಶ್ರಾಂತಿ ಮಲಗಿ ಕಳೆಯುವಂಥದಲ್ಲ. ಎರಡು ವಾರ ದುಡಿದ ಕಾಲುಗಳು ಒಮ್ಮೆಲೇ ನಿಂತರೆ ಮರುದಿನ ಬಿಗಿದುಕೊಳ್ಳುತ್ತವೆ. ಆದ್ದರಿಂದ ಸವಾರರು ಒಂದೆರಡು ತಾಸು ನಿಧಾನವಾಗಿ ಸೈಕಲ್ ತುಳಿಯುತ್ತಾರೆ. ಮಾಲೀಸು ಮಾಡಿಸಿಕೊಳ್ಳುತ್ತಾರೆ, ಉಣ್ಣುತ್ತಾರೆ, ನಿದ್ರಿಸುತ್ತಾರೆ. ಮೆಕ್ಯಾನಿಕ್‌ಗಳು ಸರಪಳಿ, ಗಾಲಿ, ಬ್ರೇಕುಗಳನ್ನು ಬಿಚ್ಚಿ ತೊಳೆದು ಮತ್ತೆ ಜೋಡಿಸುತ್ತಾರೆ. ದಣಿದ ದೇಹಕ್ಕೂ ಸವೆದ ಯಂತ್ರಕ್ಕೂ ಒಂದು ದಿನ ಸಲ್ಲಬೇಕೆಂಬುದು ಅಲ್ಲಿ ಯಾರ ದಯೆಯೂ ಅಲ್ಲ. ವೇಳಾಪಟ್ಟಿಯಲ್ಲೇ ಬರೆದಿಟ್ಟ ನಿಯಮ.

ಈ ತಿಳಿವಳಿಕೆ ಸುಲಭವಾಗಿ ಬಂದದ್ದಲ್ಲ. 1903ರ ಮೊದಲ ಸ್ಪರ್ಧೆಯಲ್ಲಿ ಆರೇ ಹಂತಗಳಿದ್ದರೂ ಒಟ್ಟು ದೂರ 2,428 ಕಿಲೋಮೀಟರ್. ಅಂದರೆ ಒಂದೊಂದು ಹಂತವೂ ಸರಾಸರಿ 400 ಕಿಲೋಮೀಟರ್. ಹಗಲು ರಾತ್ರಿಯೆನ್ನದೆ ತುಳಿಯಬೇಕಿತ್ತು. ಹಂತಗಳ ನಡುವೆ ಬಿಡುವಿನ ದಿನಗಳಿದ್ದರೂ ಹೊರಟ 60 ಮಂದಿಯಲ್ಲಿ ಕೊನೆ ಮುಟ್ಟಿದವರು 21 ಮಂದಿ. 1910ರಲ್ಲಿ ಸ್ಪರ್ಧೆಯನ್ನು ಪಿರೆನೀಸ್ ಪರ್ವತಗಳ ಎತ್ತರದ ಘಟ್ಟಗಳಿಗೆ ಹತ್ತಿಸಲಾಯಿತು. ಆ ವರ್ಷದ ಜುಲೈ 21ರಂದು, 326 ಕಿಲೋಮೀಟರಿನ ಹಂತದ ನಡುವೆ, ಸವಾರ ಆಕ್ಟಾವ್ ಲಾಪಿಝ್ ಸಂಘಟಕರನ್ನು ‘ಕೊಲೆಗಡುಕರು’ ಎಂದು ಕೂಗಿ ಬೈದದ್ದು ಇಂದಿಗೂ ಜನಜನಿತ. ಆ ಕೂಗಿಗೂ ಮೊಂಪೆಲಿಯೆಯ ಬಿಡುವಿಗೂ ನಡುವೆ ಸರಿಯಾಗಿ 115 ವರ್ಷಗಳು. ದೇಹಕ್ಕೆ ಮಿತಿಯುಂಟೆಂದು ಒಪ್ಪಿಕೊಳ್ಳಲು ಮನುಷ್ಯನಿಗೆ ಅಷ್ಟು ಕಾಲ, ಅಷ್ಟು ನೋವು ಬೇಕಾಯಿತು.

ಆದರೆ ಅದೇ ಸೋಮವಾರ ವಿಶ್ರಾಂತಿ ದೊರೆಯದ ಒಂದು ಜೀವವಿತ್ತು. ಮರುದಿನದ ಹಂತ ಮುಗಿಯಬೇಕಿದ್ದುದು ಮಾಂಟ್ ವೆಂಟೂ ಬೆಟ್ಟದ ನೆತ್ತಿಯಲ್ಲಿ. ಇಂಥ ಹಂತಗಳಿಗೆ ಅಭಿಮಾನಿಗಳು ಹಿಂದಿನ ದಿನವೇ, ಕೆಲವರು ಇನ್ನೂ ಮುಂಚೆ, ಬೆಟ್ಟ ಸೇರುವುದು ವಾಡಿಕೆ. ಮನೆಯಂತೆ ಸಜ್ಜುಗೊಳಿಸಿದ ವ್ಯಾನುಗಳು ದಾರಿಯಂಚಿನಲ್ಲಿ ಸಾಲುಗಟ್ಟುತ್ತವೆ, ಡೇರೆಗಳು ಏಳುತ್ತವೆ, ಅಡುಗೆ, ಸ್ನಾನ, ಶೌಚ ಎಲ್ಲವೂ ಇಳಿಜಾರಿನಲ್ಲೇ. ಸವಾರನ ಬಿಡುವಿನ ದಿನವೇ ಬೆಟ್ಟಕ್ಕೆ ದುಡಿಮೆಯ ದಿನ.

ವೆಂಟೂವಿನ ಎತ್ತರ 1,910 ಮೀಟರ್. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಹಡಗು ಕಟ್ಟುವ ಮರಕ್ಕಾಗಿ, ಇದ್ದಿಲಿಗಾಗಿ, ಕುರಿಗಳ ಮೇವಿಗಾಗಿ ಶತಮಾನಗಳ ಕಾಲ ಬೋಳಾಗುತ್ತ ಬಂದ ಬೆಟ್ಟ ಅದು. ಕಾಡು ಹೋದ ಮೇಲೆ ಮಳೆನೀರು ಮಣ್ಣನ್ನು ಹೊತ್ತು ತಪ್ಪಲಿನ ಊರುಗಳಿಗೆ ನುಗ್ಗಿತು. 1860ರ ದಶಕದಿಂದ ಓಕ್, ಪೈನ್, ಸೀಡರ್ ಮರಗಳನ್ನು ಬೆಳೆಸುವ ಕೆಲಸ ನಡೆಯಿತು. ಇಂದು ಕೆಳಗಿನ ಇಳಿಜಾರುಗಳು ಹಸಿರಾಗಿವೆ. ನೆತ್ತಿ ಮಾತ್ರ ಬರಿಯ ಸುಣ್ಣಕಲ್ಲು. 1990ರಲ್ಲಿ ಯುನೆಸ್ಕೊ ಈ ಬೆಟ್ಟವನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ತಲೆಮಾರುಗಳ ಬಿಡುವಿನಿಂದ ಚೇತರಿಸಿಕೊಂಡ ಬೆಟ್ಟ ಇನ್ನೆಷ್ಟು ಭಾರ ಹೊರಬಲ್ಲದು ಎಂಬುದು ಕ್ರೀಡೆಯ ಪ್ರಶ್ನೆಯಲ್ಲ. ಅಲ್ಲಿ ಬದುಕುವವರ ಪ್ರಶ್ನೆ.

ಇದೇ ಏರಿನಲ್ಲಿ 1967ರ ಜುಲೈ 13ರಂದು ಬ್ರಿಟಿಷ್ ಸವಾರ ಟಾಮ್ ಸಿಂಪ್ಸನ್ ಕುಸಿದು ಪ್ರಾಣ ಬಿಟ್ಟರು. ಸುಡುಬಿಸಿಲು ಮತ್ತು ಅತಿ ಶ್ರಮದ ಜೊತೆಗೆ, ದಣಿವನ್ನು ಮರೆಸುವ ಉತ್ತೇಜಕ ಮದ್ದು ಸಹ ಅವರ ದೇಹದಲ್ಲಿತ್ತು. ದಣಿವು ದೇಹ ಕೊಡುವ ಎಚ್ಚರಿಕೆ; ಅದನ್ನು ಮದ್ದಿನಿಂದ ಮುಚ್ಚಬಹುದು, ಇಲ್ಲವಾಗಿಸಲಾಗದು. ಬೆಟ್ಟಗಳ ವಿಷಯದಲ್ಲೂ ಅಷ್ಟೆ. ಬತ್ತುವ ಒರತೆ, ಸಡಿಲವಾಗುವ ಮಣ್ಣು, ಕಾಣೆಯಾಗುವ ಹಕ್ಕಿ ಇವು ಬೆಟ್ಟದ ದಣಿವಿನ ಗುರುತುಗಳು. ಹೊಸ ತಡೆಗೋಡೆ, ಅಗಲವಾದ ರಸ್ತೆ, ಕೊಳವೆ ನೀರು ಅವನ್ನು ಸ್ವಲ್ಪ ಕಾಲ ಮರೆಸುತ್ತವೆ, ಅಷ್ಟೆ.

ಹಾಗೆಂದು ಈ ಸ್ಪರ್ಧೆಯನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಟಿಕೆಟ್ಟಿಲ್ಲದೆ, ಕ್ರೀಡಾಂಗಣದ ಗೋಡೆಯಿಲ್ಲದೆ, ರೈತ ತನ್ನ ಮನೆಯಂಗಳದಲ್ಲೇ ನಿಂತು ನೋಡಬಹುದಾದ ಇಷ್ಟು ದೊಡ್ಡ ಆಟ ಜಗತ್ತಿನಲ್ಲಿ ವಿರಳ. ಬೆಟ್ಟದೂರಿನ ಅಂಗಡಿ, ಹೋಟೆಲುಗಳಿಗೆ ಅಂದು ನಾಲ್ಕು ಕಾಸು ಸಿಗುತ್ತದೆ. ಸೈಕಲ್ಲಿನಷ್ಟು ನಿರುಪದ್ರವಿ ವಾಹನವೂ ಇನ್ನೊಂದಿಲ್ಲ. ಹೊರೆಯಾಗುವುದು ಸೈಕಲ್ಲಲ್ಲ, ಅದರ ಹಿಂದುಮುಂದಿನ ಪರಿವಾರ: ಕಾರುಗಳು, ಹೆಲಿಕಾಪ್ಟರುಗಳು, 1930ರಿಂದ ನಡೆದುಬಂದಿರುವ ಜಾಹೀರಾತು ವಾಹನಗಳ ಮೆರವಣಿಗೆ, ಅದು ಜನರತ್ತ ಎಸೆಯುತ್ತ ಸಾಗುವ ಲಕ್ಷಗಟ್ಟಲೆ ಉಡುಗೊರೆ ಸಾಮಾನುಗಳು. ತಿದ್ದುಪಡಿಯೂ ನಡೆದಿದೆ. ಗೊತ್ತುಪಡಿಸಿದ ಜಾಗಗಳಲ್ಲಲ್ಲದೆ ಬೇರೆಡೆ ಸವಾರರು ಬಾಟಲಿ, ಹೊದಿಕೆಗಳನ್ನು ಬಿಸಾಡಿದರೆ ದಂಡನೆ ವಿಧಿಸುವ ಕಟ್ಟುನಿಟ್ಟನ್ನು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2021ರಲ್ಲಿ ತಂದಿತು.

ಮಿತಿ ಹಾಕಲು ಸಾಧ್ಯವೇ ಇಲ್ಲ ಎನ್ನುವವರಿಗೆ ಈ ಸ್ಪರ್ಧೆಯಲ್ಲೇ ಉತ್ತರವಿದೆ. 2019ರ ಜುಲೈ 26ರಂದು ಆಲ್ಪ್ಸ್ ಪರ್ವತದಲ್ಲಿ ಆಲಿಕಲ್ಲು ಮಳೆ ಸುರಿದು, ಮುಂದಿನ ರಸ್ತೆಯ ಮೇಲೆ ಗುಡ್ಡ ಜರಿಯಿತು. ಹಂತವನ್ನು ನಡುವೆಯೇ ನಿಲ್ಲಿಸಿ, ಹಿಂದಿನ ಘಟ್ಟದ ನೆತ್ತಿಯಲ್ಲಿ ದಾಖಲಾದ ಸಮಯವನ್ನೇ ಎಣಿಕೆಗೆ ತೆಗೆದುಕೊಳ್ಳಲಾಯಿತು. 2025ರಲ್ಲಿ, ಮೊಂಪೆಲಿಯೆಯ ಬಿಡುವಿನ ಕೆಲವೇ ದಿನಗಳ ನಂತರ, ಸೇಝಿ ಎಂಬ ಘಟ್ಟದ ದನಗಳಲ್ಲಿ ಚರ್ಮಗಂಟು ರೋಗ ಕಾಣಿಸಿಕೊಂಡು ಅವನ್ನು ಕೊಲ್ಲಬೇಕಾಗಿ ಬಂತು. 2022ರಲ್ಲಿ ಕರ್ನಾಟಕದ ಕೊಟ್ಟಿಗೆಗಳನ್ನು ಕಾಡಿದ್ದೂ ಇದೇ ರೋಗ. ಸಾಕಿದವರ ಸಂಕಟವನ್ನು ಗೌರವಿಸಿ ಸಂಘಟಕರು ಆ ಘಟ್ಟವನ್ನು ಕೈಬಿಟ್ಟರು. ಸುಮಾರು 130 ಕಿಲೋಮೀಟರಿನ ಹಂತ 95 ಕಿಲೋಮೀಟರಿಗೆ ಇಳಿಯಿತು. ಒಂದು ಮಂದೆಗಾಗಿ ಜಗದ್ವಿಖ್ಯಾತ ಸ್ಪರ್ಧೆಯೊಂದು ದಾರಿ ಬದಲಿಸಿತು. ಅದರಿಂದ ಸ್ಪರ್ಧೆಯ ಗೌರವವೇನೂ ಕುಂದಲಿಲ್ಲ.

ಮಲೆನಾಡಿಗೆ ಇಂಥ ಸ್ಪರ್ಧೆ ಬರುವುದಿಲ್ಲ. ಆದರೆ ವಾರಾಂತ್ಯ ತಪ್ಪದೆ ಬರುತ್ತದೆ. ನಗರದವರ ಬಿಡುವಿನ ದಿನ ಇಲ್ಲಿಯ ಬೆಟ್ಟಗಳಿಗೂ ದುಡಿಮೆಯ ದಿನ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸುವ ಆದೇಶ 2009ರಲ್ಲಿ ಬಂದಾಗ ವಿರೋಧ ಸಣ್ಣದಿರಲಿಲ್ಲ. ಆದರೂ ಕಾಡಿಗೆ ಪ್ರತಿ ರಾತ್ರಿ ಒಂಬತ್ತು ತಾಸಿನ ಬಿಡುವು ದಕ್ಕಿತು. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳ ಸಂಖ್ಯೆಗೆ 2025ರಲ್ಲಿ ಮಿತಿ ಬಿದ್ದುದೂ ಅದೇ ದಾರಿಯ ಹೆಜ್ಜೆ. ಆದರೆ ಸಂಖ್ಯೆಯ ಮಿತಿಯೇ ವಿಶ್ರಾಂತಿಯಲ್ಲ. ವಾರದಲ್ಲಿ ಒಂದು ದಿನ, ಮಳೆಗಾಲದಲ್ಲಿ ಕೆಲವು ವಾರ, ಹುಲ್ಲು ಚಿಗುರುವ, ಹಕ್ಕಿ ಗೂಡುಕಟ್ಟುವ ಹೊತ್ತಿನಲ್ಲಿ ಬೆಟ್ಟವನ್ನು ಅದರ ಪಾಡಿಗೆ ಬಿಡುವ ಕ್ರಮ ಬೇಕು. ಯಾವ ದಿನ, ಎಷ್ಟು ದಿನ ಎಂಬುದನ್ನು ಬೆಟ್ಟದ ನೀರು ಕುಡಿಯುವ ಊರುಗಳ ಗ್ರಾಮಸಭೆಗಳು ಮೊದಲು ಹೇಳಬೇಕು. ಆಡಳಿತ ಅದನ್ನು ನಿಯಮವಾಗಿಸಬೇಕು. ಆ ದಿನಗಳಲ್ಲಿ ಜೀಪು ಓಡಿಸುವವರ, ಚಹಾದಂಗಡಿಯವರ ಹೊಟ್ಟೆಪಾಡಿಗೆ ದಾರಿ ತೋರುವುದೂ ಅದೇ ನಿಯಮದ ಭಾಗವಾಗಬೇಕು.

ಲಾಪಿಝ್ ಕೂಗಿ ಹೇಳಬಲ್ಲವರಾಗಿದ್ದರು. ಬೆಟ್ಟ ಕೂಗುವುದಿಲ್ಲ, ಜರಿಯುತ್ತದೆ. ಜರಿದ ಮೇಲೆ ಕೊಡುವ ವಿಶ್ರಾಂತಿಯಿಂದ ಅದರ ಕೆಳಗಿನ ಊರಿಗೆ ಪ್ರಯೋಜನವಿಲ್ಲ.