ಪ್ರಶಸ್ತಿ ಗೆದ್ದ ಚಿತ್ರ ದಾಸರಹಳ್ಳಿಗೂ ಬರಲಿ

ವರ್ಷಕ್ಕೊಮ್ಮೆ ಸಿನಿಮಾ ವಿಮರ್ಶಕರು ಒಟ್ಟಾಗಿ ಆ ಸಾಲಿನ ಒಳ್ಳೆಯ ಚಿತ್ರಗಳನ್ನು ಆರಿಸುವ ಕೆಲಸದ ಮೇಲೆ ನನಗೆ ಗೌರವವಿದೆ. ಕನ್ನಡದಲ್ಲಿ ಚಂದನವನ ಫಿಲಂ ಕ್ರಿಟಿಕ್ಸ್ ಅಕಾಡೆಮಿ 2020ರಿಂದ ಪ್ರಶಸ್ತಿ ಕೊಡುತ್ತಿದೆ. ಶುಕ್ರವಾರ ಬಂತೆಂದರೆ ಚಿತ್ರ ನೋಡಿ ಬರೆಯುವ, ಮಾತಾಡುವ ಪತ್ರಕರ್ತರೇ ಇಲ್ಲಿ ತೀರ್ಪುಗಾರರು. ಇಂಥದ್ದೊಂದು ನಮಗೆ ಎಷ್ಟು ಬೇಕಾಗಿತ್ತು ಎನ್ನುವುದು ಸರ್ಕಾರದ ಪ್ರಶಸ್ತಿಯ ಗತಿ ನೋಡಿದರೆ ತಿಳಿಯುತ್ತದೆ. 2019ನೇ ಸಾಲಿನ ರಾಜ್ಯ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ! ಗಾಂಧೀಜಿಯ ಬಾಲ್ಯದ ಕಥೆ ಹೇಳುವ ಪಿ. ಶೇಷಾದ್ರಿಯವರ ‘ಮೋಹನದಾಸ’ ಆ ಸಾಲಿನ ಅತ್ಯುತ್ತಮ ಚಿತ್ರವಾಯಿತು. ಅದನ್ನು ನೋಡಬೇಕಾಗಿದ್ದ ಹೈಸ್ಕೂಲು ಮಕ್ಕಳು ಅಷ್ಟರಲ್ಲಿ ಕಾಲೇಜು ಸೇರಿದ್ದರು.

ಹಾಗಾಗಿ ಬೇಗ ಕೊಡುವ ವಿಮರ್ಶಕರಿಗೆ ಮೊದಲು ಮೆಚ್ಚುಗೆ. ಆದರೆ ಅವರ ಪ್ರಶಸ್ತಿ ವೇದಿಕೆಯಿಂದ ಇಳಿದು ಎಲ್ಲಿಗೆ ಹೋಗುತ್ತದೆ? ಮರುದಿನ ಗೆದ್ದವರ ಪಟ್ಟಿ ಅಚ್ಚಾಗುತ್ತದೆ, ಫೋಟೊ ಬರುತ್ತದೆ. ಪಟ್ಟಿ ಓದಿ ಆಸೆಪಟ್ಟ ಪ್ರೇಕ್ಷಕನಿಗೆ ಆ ಚಿತ್ರ ಮಾತ್ರ ಸಿಗುವುದಿಲ್ಲ.

ಬೆಂಗಳೂರಿನ ಟಿ. ದಾಸರಹಳ್ಳಿಯಲ್ಲಿ ನಿಂತು ಈ ಮಾತು ಹೇಳುತ್ತಿದ್ದೇನೆ. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ತುಮಕೂರು ರಸ್ತೆಯ ಮೇಲೆ ಇಲ್ಲಿಗೆ 2015ರ ಮೇ ತಿಂಗಳಿಂದ ಮೆಟ್ರೊ ಬರುತ್ತಿದೆ. ನಿರ್ಮಾಪಕ ರಾಕ್‌ಲೈನ್ ವೆಂಕಟೇಶರ ಮಾಲ್ ಕೂಡ ಇಲ್ಲೇ ಇದೆ. ಸಿನಿಮಾ ಹುಚ್ಚಿಗೂ ಈ ಭಾಗದಲ್ಲಿ ಕೊರತೆಯಿಲ್ಲ. ದೊಡ್ಡ ನಾಯಕರ ಚಿತ್ರಕ್ಕೆ ಬೆಳಗಿನ ಜಾವದಿಂದಲೇ ಆಟ. ಸಣ್ಣ ಚಿತ್ರಕ್ಕೆ ಸಿಕ್ಕರೆ ಒಂದು ಆಟ, ಅದೂ ನಡುಹಗಲಲ್ಲಿ. ಆ ಹೊತ್ತಿನಲ್ಲಿ ಇಲ್ಲಿಯ ಜನ ಲೇತ್ ಮುಂದೆ, ಹೊಲಿಗೆ ಯಂತ್ರದ ಮುಂದೆ ಇರುತ್ತಾರೆ. ಚಿತ್ರ ಚೆನ್ನಾಗಿದೆಯಂತೆ ಎಂಬ ಮಾತು ಬಾಯಿಂದ ಬಾಯಿಗೆ ಹರಡಿ ವಠಾರ ತಲುಪುವಷ್ಟರಲ್ಲಿ ಅದನ್ನು ಎತ್ತಿಬಿಟ್ಟಿರುತ್ತಾರೆ.

‘ಶಿವಮ್ಮ ಯರೇಹಂಚಿನಾಳ’ವನ್ನೇ ತೆಗೆದುಕೊಳ್ಳಿ. ಜೈಶಂಕರ್ ಆರ್ಯರ್ ನಿರ್ದೇಶಿಸಿ, ರಿಷಬ್ ಶೆಟ್ಟಿ ನಿರ್ಮಿಸಿದ ಚಿತ್ರ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು, ನಮ್ಮ ಚಿತ್ರಮಂದಿರಕ್ಕೆ ಬಂದದ್ದು 2024ರ ಜೂನ್‌ನಲ್ಲಿ. ಕೊಪ್ಪಳ ಸೀಮೆಯ ಹಳ್ಳಿಯೊಂದರಲ್ಲಿ ಶಾಲೆಯ ಅಡುಗೆ ಮಾಡುವ ಹೆಂಗಸು, ಮನೆಯ ಕಷ್ಟ ನೀಗಬಹುದೆಂದು ಚೈನ್ ಮಾರ್ಕೆಟಿಂಗ್‌ನ ಶಕ್ತಿಪೇಯಕ್ಕೆ ಹಣ ಸುರಿಯುತ್ತಾಳೆ. ಊರವರನ್ನೂ ಅದಕ್ಕೆ ಎಳೆಯಲು ನೋಡುತ್ತಾಳೆ. ನಿರ್ದೇಶಕರು ಅವಳನ್ನು ದಡ್ಡಿ ಎನ್ನುವುದಿಲ್ಲ, ಪಾಪ ಎಂದು ಕಣ್ಣೀರನ್ನೂ ಹಾಕಿಸುವುದಿಲ್ಲ. ಅವಳ ಹಟವನ್ನು ಹತ್ತಿರದಿಂದ ತೋರಿಸುತ್ತಾರೆ, ಅಷ್ಟೆ. ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದು ಪೀಣ್ಯದ ಸುತ್ತ ಬಾಡಿಗೆ ಮನೆ ಹಿಡಿದಿರುವ ಹೆಣ್ಣುಮಕ್ಕಳಿಗೆ ಶಿವಮ್ಮ ಪರದೆಯ ಮೇಲಿನ ಪಾತ್ರವಲ್ಲ, ಅಕ್ಕನೋ ಅತ್ತಿಗೆಯೋ ಆಗುತ್ತಾಳೆ. ಆ ಭಾಷೆ ಅವರ ಮನೆಮಾತು. ಬೂಸಾನ್‌ನ ತೀರ್ಪುಗಾರರಿಗೆ ಸಿಕ್ಕ ಈ ಚಿತ್ರವನ್ನು ದಾಸರಹಳ್ಳಿಯ ಇವರಿಗೆ ಯಾರು ತೋರಿಸಬೇಕು?

ವಿಮರ್ಶಕರ ಕೈಯಲ್ಲಿ ಅದಕ್ಕೆ ಬಲವಿಲ್ಲ ಎನ್ನಬೇಡಿ. 1985ರಲ್ಲಿ ಟೆರಿ ಗಿಲಿಯಮ್‌ರ ‘ಬ್ರೆಜಿಲ್’ ಚಿತ್ರವನ್ನು ಅಮೆರಿಕದಲ್ಲಿ ಅವರು ಕತ್ತರಿಸಿ ಜೋಡಿಸಿದ ರೂಪದಲ್ಲೇ ಬಿಡುಗಡೆ ಮಾಡಲು ಯೂನಿವರ್ಸಲ್ ಸಂಸ್ಥೆ ಒಪ್ಪಲಿಲ್ಲ. ಗಿಲಿಯಮ್ ಅದನ್ನು ವಿಮರ್ಶಕರಿಗೆ ತಾವೇ ತೋರಿಸಿದರು. ಲಾಸ್ ಏಂಜಲೀಸ್ ವಿಮರ್ಶಕರ ಸಂಘ, ಅಲ್ಲಿ ಇನ್ನೂ ಬಿಡುಗಡೆಯೇ ಆಗದ ಆ ಚಿತ್ರಕ್ಕೆ ವರ್ಷದ ಅತ್ಯುತ್ತಮ ಚಿತ್ರ ಪ್ರಶಸ್ತಿ ಕೊಟ್ಟಿತು. ಸಂಸ್ಥೆ ಮಣಿದು ಚಿತ್ರ ತೆರೆಗೆ ತಂತು. ಒಂದು ತೀರ್ಪು ಚಿತ್ರಮಂದಿರದ ಬಾಗಿಲು ತೆರೆಸಿತು.

ನಮ್ಮ ಅಕಾಡೆಮಿಯಿಂದಲೂ ನಾನು ಕೇಳುವುದು ಅದನ್ನೇ. ಪ್ರಶಸ್ತಿ ಪ್ರಕಟಿಸಿದ ಮುಂದಿನ ವಾರ, ಗೆದ್ದ ಮತ್ತು ಕೊನೆಯ ಸುತ್ತಿಗೆ ಬಂದ ನಾಲ್ಕೈದು ಚಿತ್ರಗಳನ್ನು ಮತ್ತೆ ತೆರೆಗೆ ತರಲಿ. ಬೆಂಗಳೂರಿನ ನಡುವೆ ಮಾತ್ರ ಸಾಲದು. ದಾಸರಹಳ್ಳಿ, ಯಲಹಂಕ, ಯಶವಂತಪುರದಲ್ಲಿ ತಲಾ ಒಂದು ಪರದೆ ಸಿಕ್ಕರೂ ಆದೀತು. ಮೊದಲ ಪಾಳಿ ಮುಗಿಸಿದವರು ಮನೆಗೆ ಹೋಗಿ ಮುಖ ತೊಳೆದು ಬರುವಂತೆ ಸಂಜೆಯ ಆಟ ಇಡಲಿ, ಭಾನುವಾರ ಎರಡು ಆಟ. ಟಿಕೆಟ್ ನೂರು ರೂಪಾಯಿ ದಾಟದಿರಲಿ. ಪ್ರಶಸ್ತಿ ಸಮಾರಂಭಕ್ಕೆ ಪ್ರಾಯೋಜಕರನ್ನು ಹುಡುಕುವವರಿಗೆ ಈ ಒಂದು ವಾರಕ್ಕೆ ಹುಡುಕುವುದು ಕಷ್ಟವಾಗಲಾರದು.

ಜೊತೆಗೆ, ಈ ಚಿತ್ರವನ್ನೇ ಏಕೆ ಆರಿಸಿದೆವು ಎಂದು ಪ್ರತಿ ಪ್ರಶಸ್ತಿಗೂ ಹತ್ತು ಸಾಲು ಬರೆದುಕೊಡಲಿ. ಕಾರಣ ಹೇಳುವುದೇ ವಿಮರ್ಶೆಯ ಕಸುಬು. ಚಿತ್ರ ಮುಗಿದ ಮೇಲೆ ಬರೆದವರೊಬ್ಬರು ಪರದೆಯ ಮುಂದೆ ಬಂದು ನಿಲ್ಲಲಿ. ‘ಇದಕ್ಯಾಕೆ ಸರ್ ಪ್ರಶಸ್ತಿ ಕೊಟ್ರಿ?’ ಎಂದು ಗಾರ್ಮೆಂಟ್ಸ್‌ನ ಹುಡುಗಿ ಕೇಳಲಿ, ಅವರು ಉತ್ತರಿಸಲಿ.