ಒಂದೇ ಉಪಕೇಂದ್ರ, ಮೂರು ಬಗೆಯ ಸಂಬಳ

ಪಿಯುಸಿ ಫಲಿತಾಂಶ ಬಂದ ಮರುವಾರ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಹನೂರಿನ ನಮ್ಮ ಮನೆಗೆ ಬಂದಿದ್ದಳು. ವಿಜ್ಞಾನದಲ್ಲಿ ಪ್ರಥಮ ದರ್ಜೆ. ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿಸಲು ಮನೆಯವರು ಎರಡು ಹಸು ಮಾರುವ ಯೋಚನೆಯಲ್ಲಿದ್ದರು. ತಾಯಿಯದು ಒಂದೇ ಪ್ರಶ್ನೆ: “ಮೇಷ್ಟ್ರೇ, ಸರ್ಕಾರಿ ಕೆಲಸ ಸಿಕ್ಕುದ್ರೆ ಸಂಬಳ ಏಸು ಬತ್ತುದು?”

ಇದಕ್ಕೆ ಒಂದು ಅಂಕಿಯಲ್ಲಿ ಉತ್ತರ ಹೇಳಲಾಗದು. ನಮ್ಮಂಥ ಗುಡ್ಡಗಾಡಿನಲ್ಲಿ ಸುಮಾರು 3,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರ ಇರಬೇಕೆಂಬುದು ನಿಯಮ. ಅಲ್ಲಿ ದುಡಿಯುವವರನ್ನೇ ನೋಡೋಣ.

ಮೊದಲನೆಯವರು, ಊರಿನವರು ‘ಸಿಸ್ಟರ್’ ಎನ್ನುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಹಿಂದೆ ಈ ಹುದ್ದೆಗೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂಬ ಹೆಸರಿತ್ತು. ಓದು ಎರಡು ವರ್ಷದ ಎಎನ್‌ಎಂ. ಖಾಯಂ ನೇಮಕವಾಗಿದ್ದರೆ ವೇತನ ಶ್ರೇಣಿ, ವರ್ಷಕ್ಕೊಮ್ಮೆ ವೇತನ ಬಡ್ತಿ, ತುಟ್ಟಿಭತ್ಯೆ, 180 ದಿನಗಳ ಹೆರಿಗೆ ರಜೆ ಎಲ್ಲವೂ ಉಂಟು. 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಇದು ಕಟ್ಟಕಡೆಯ ಮೆಟ್ಟಿಲು. ಸಿಸ್ಟರ್ ಇದಕ್ಕಿಂತ ಮೇಲಿರುತ್ತಾರೆ. ಪಿಂಚಣಿಯ ಮಾತು ಬೇರೆ. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪದ್ಧತಿಯಿಲ್ಲ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟನ್ನು ಎನ್‌ಪಿಎಸ್‌ಗೆ ಹಿಡಿಯುತ್ತಾರೆ, ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ.

ಎರಡನೆಯವರು ಸಮುದಾಯ ಆರೋಗ್ಯ ಅಧಿಕಾರಿ. ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದವರು. ಆದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆ! ನಿಗದಿತ ಸಂಭಾವನೆ, ಜೊತೆಗೆ ಕೆಲಸ ನೋಡಿ ಪ್ರೋತ್ಸಾಹಧನ. ವೇತನ ಆಯೋಗದ ಏರಿಕೆ ಇವರಿಗೆ ಮುಟ್ಟುವುದಿಲ್ಲ. ಕೆಲಸದಲ್ಲಿದ್ದಾಗ ತೀರಿಕೊಂಡರೆ ಮನೆಯವರಿಗೆ ಅನುಕಂಪದ ನೌಕರಿಯೂ ಇಲ್ಲ. ಹೆಚ್ಚು ಓದಿದವರಿಗೆ ಕಡಿಮೆ ಭದ್ರತೆ. ಈ ಲೆಕ್ಕ ನನ್ನ ತಲೆಗೆ ಇನ್ನೂ ಹತ್ತಿಲ್ಲ.

ಮೂರನೆಯವರು ಆಶಾ ಕಾರ್ಯಕರ್ತೆ. ಸಂಬಳವೇ ಅಲ್ಲ, ಗೌರವಧನ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತು ತಿಂಗಳಿಗೆ 15,000 ಕೇಳಿದರು. ಸರ್ಕಾರ ಕನಿಷ್ಠ 10,000ದ ಭರವಸೆ ಕೊಟ್ಟಿತು.

ಇನ್ನು ಮನೆ ಬಾಡಿಗೆ ಭತ್ಯೆ. ಬೆಂಗಳೂರಿನಲ್ಲಿ ಮೂಲವೇತನದ ಶೇ. 20, ನಮ್ಮ ಹನೂರಿನಲ್ಲಿ ಶೇ. 7.5. ಮೂಲವೇತನ 27,000 ಎಂದೇ ಇಟ್ಟುಕೊಳ್ಳಿ: ಅಲ್ಲಿ 5,400, ಇಲ್ಲಿ 2,025. ಸರ್ಕಾರಿ ವಸತಿಗೃಹ ಕೊಟ್ಟರೆ ಅದೂ ಇಲ್ಲ. ಇಲ್ಲಿ ಬಾಡಿಗೆ ಕಡಿಮೆ, ಒಪ್ಪೋಣ. ಆದರೆ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಾಪಾಡಿಕೊಂಡು, ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಳ್ಳಿಗಳಿಗೆ ಹೋಗುವುದು ಬೆಂಗಳೂರಿನ ಕೆಲಸಕ್ಕಿಂತ ಹಗುರವೇ? ರಸ್ತೆ ಮೊದಲಾದ ಸೌಕರ್ಯವಿಲ್ಲವೆಂದು 2024ರ ಏಪ್ರಿಲ್‌ನಲ್ಲಿ ಇಂಡಿಗನತ್ತದವರು ಮತದಾನವನ್ನೇ ಬಹಿಷ್ಕರಿಸಿದ್ದು ಓದುಗರಿಗೆ ನೆನಪಿರಬಹುದು.

ಹಾಗೆಂದು ಬಿ.ಎಸ್ಸಿ. ನರ್ಸಿಂಗ್ ಬೇಡವೆಂದು ನಾನು ಹೇಳಲಿಲ್ಲ. ಆಸ್ಪತ್ರೆಗಳ ಶುಶ್ರೂಷಾಧಿಕಾರಿ ಹುದ್ದೆಗೆ ಖಾಯಂ ನೇಮಕಾತಿ ಕರೆದಾಗ ಆ ಓದು ಕೈಹಿಡಿಯುತ್ತದೆ. ಪ್ರಕಟಣೆ ಬಂದಾಗ ಸಂಬಳದ ಸಾಲಿಗಿಂತ ಮೊದಲು ‘ಖಾಯಂ’ ಇದೆಯೋ ‘ಗುತ್ತಿಗೆ’ ಇದೆಯೋ ನೋಡಿ ಎಂದೆ. ಹುಡುಗಿ ಸಿಇಟಿ ಬರೆದಿದ್ದಾಳೆ. ಸರ್ಕಾರಿ ಕಾಲೇಜಿನ ಸೀಟು ಹಂಚಿಕೆ ಆಗುವವರೆಗೆ ಖಾಸಗಿ ಕಾಲೇಜಿಗೆ ಮುಂಗಡ ಕಟ್ಟಬೇಡಿ ಎಂದೂ ಹೇಳಿದೆ. ಅಷ್ಟರಲ್ಲಿ ತಮ್ಮೂರಿನ ಉಪಕೇಂದ್ರಕ್ಕೆ ಹೋಗಿ ಮೂವರನ್ನೂ ಮಾತನಾಡಿಸಿ ಬರಲು ಕಳುಹಿಸಿದೆ.

ನಾಲ್ಕು ದಿನ ಬಿಟ್ಟು ತಾಯಿ ಸಂತೆಯಲ್ಲಿ ಸಿಕ್ಕರು. “ಹಸ ಇನ್ನೂ ಮಾರಿಲ್ಲ ಮೇಷ್ಟ್ರೇ” ಎಂದರು.