ಹೂವು ಉಳಿಯಿತು, ಬರೆದವರ ಹೆಸರು?

ಸೇವಂತಿಗೆ ಇಲ್ಲದೆ ನಮ್ಮಲ್ಲಿ ಹಬ್ಬ ಉಂಟೇ, ಸೋದರಿಯರೆ? ಈ ಸೇವಂತಿಗೆಯ ತವರು ಚೀನಾ. ಅಲ್ಲಿನ ಕ್ಯಾಂಟನ್ ಎಂಬ ಊರಿನಲ್ಲಿ ಸೇವಂತಿಗೆ, ಕಮೇಲಿಯಾ, ಪಿಯೊನಿ ಹೂಗಳನ್ನು ನೀರುಬಣ್ಣದಲ್ಲಿ ಬರೆದು ಪರದೇಶದವರಿಗೆ ಮಾರುತ್ತಿದ್ದ ಚಿತ್ರಗಾರರಿದ್ದರು. ಈ ಸಲ ಅವರ ಸಂಗತಿ ಹೇಳುತ್ತೇನೆ.

1757ರಿಂದ 1842ರವರೆಗೆ ಯುರೋಪಿನ ವ್ಯಾಪಾರದ ಹಡಗುಗಳಿಗೆಲ್ಲ ಹೆಚ್ಚುಕಡಿಮೆ ಇದೊಂದೇ ಬಂದರು. ಚಹಾ, ರೇಷ್ಮೆ ಕೊಳ್ಳಲು ಬಂದವರು ಊರಿಗೆ ಹೋಗುವಾಗ ಈ ಚಿತ್ರಗಳನ್ನೂ ಒಯ್ಯುತ್ತಿದ್ದರು. ಮುಂದೆ 1820ರ ದಶಕದ ಹೊತ್ತಿಗೆ ಹೊಸ ತರಹದ ಹಾಳೆಯ ಮೇಲೆ ಬರೆಯುವುದು ಶುರುವಾಯಿತು. ಅದಕ್ಕೆ ಅಕ್ಕಿ ಕಾಗದ ಅಂತ ಹೆಸರು ಬಿದ್ದರೂ ಅಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ! ಒಂದು ಗಿಡದ ಕಾಂಡದೊಳಗಿನ ಬಿಳೀ ತಿರುಳನ್ನು, ಸುರುಳಿ ಬಿಚ್ಚಿದ ಹಾಗೆ, ಚೂರಿಯಿಂದ ತೆಳ್ಳಗೆ ಕೊಯ್ದು ತೆಗೆದ ಹಾಳೆ ಅದು. ಬಾಸಿಂಗ ಮಾಡುವ ಬೆಂಡು ನೋಡಿದ್ದೀರಲ್ಲ, ಅಷ್ಟೇ ಹಗುರ. ಅದರ ಮೇಲೆ ಬಣ್ಣ ಮಖಮಲ್ಲಿನಂತೆ ಕಾಣುತ್ತದೆ. ಮಡಿಸಿದರೆ ಮಾತ್ರ ಮುರಿದೇ ಹೋಗುತ್ತದೆ. ಅದಕ್ಕೇ ಅಂಚಿಗೆ ರೇಷ್ಮೆ ಪಟ್ಟಿ ಅಂಟಿಸಿ ಆಲ್ಬಮ್ಮಿನಲ್ಲಿ ಇಡುತ್ತಿದ್ದರು.

ಈಸ್ಟ್ ಇಂಡಿಯಾ ಕಂಪನಿಯ ಚಹಾ ಪರೀಕ್ಷಕ ಜಾನ್ ರೀವ್ಸ್ 1812ರಲ್ಲಿ ಕ್ಯಾಂಟನ್ನಿಗೆ ಬಂದ. 1831ರಲ್ಲಿ ಹಿಂದಿರುಗುವ ತನಕ ಅಲ್ಲಿನ ಚಿತ್ರಗಾರರಿಂದ ಗಿಡ, ಹೂ, ಹಣ್ಣುಗಳ ನೂರಾರು ಚಿತ್ರ ಬರೆಸಿದ. ಅವುಗಳಲ್ಲಿ ಬಹಳಷ್ಟು ಲಂಡನ್ನಿನ ತೋಟಗಾರಿಕೆ ಸಂಘಕ್ಕೆ ಹೋದವು. ತಿಂಗಳುಗಟ್ಟಲೆ ಸಮುದ್ರ ಪ್ರಯಾಣದಲ್ಲಿ ಎಷ್ಟೋ ಗಿಡಗಳು ಒಣಗಿಹೋಗುತ್ತಿದ್ದವು. ಚಿತ್ರದ ಹೂವು ಬಾಡದೆ ತಲುಪುತ್ತಿತ್ತು.

ಮುಂದೆ ಒಂದು ಜಾತಿಯ ಮರಕ್ಕೆ, ಒಂದು ಹಕ್ಕಿಗೆ ರೀವ್ಸನ ಹೆಸರಿಟ್ಟರು. ಕಣ್ಣು ಕೀಲಿಸಿ ಕೂತು ಬರೆದವರಿಗೆ? ಅಕುಟ್, ಅಕಂ, ಅಕ್ಯೂ, ಅಸುಂಗ್ ಎಂಬ ನಾಲ್ಕು ಹೆಸರು ಉಳಿದಿವೆ. ಅದೂ ರೀವ್ಸ್ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದರಿಂದ. ಕ್ಯಾಂಟನ್ನಿನ ಹೂವಿನ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಸಹಿಯೇ ಇಲ್ಲ.

ನಮ್ಮ ಮನೆಗಳ ಕಥೆಯೂ ಇದೇ ಅಲ್ಲವೇ? ಅಜ್ಜಿ ಹಾಕಿದ ಕಸೂತಿ, ಅತ್ತೆಯವರು ಹೆಣೆದ ಮಣಿ ತೋರಣ ಪೆಟ್ಟಿಗೆಯಲ್ಲಿರುತ್ತವೆ. ಇದು ಯಾರು ಮಾಡಿದ್ದು ಅಂತ ಮೊಮ್ಮಕ್ಕಳು ಕೇಳಿದರೆ ಹೇಳೋರು ಇರೋದಿಲ್ಲ. ಬಲ್ಲ ಹಿರಿಯರು ಇರುವಾಗಲೇ ಕೇಳಿ, ಒಂದು ಚೀಟಿ ಬರೆದು ಜೊತೆಗಿಡಿ. ನೀವು ಹಾಕಿದ ಮೇಜುವಸ್ತ್ರದ ಹಿಂಬದಿ ಅಂಚಿನಲ್ಲೂ ನಿಮ್ಮ ಹೆಸರು, ಇಸವಿ ಹೊಲಿದುಬಿಡಿ. ಯಾರಾದರೂ ಜಂಬ ಅಂದರೆ ಅನ್ನಲಿ ಬಿಡಿ; ದುಡಿದ ಕೈಗೂ ಒಂದು ಹೆಸರುಂಟು.